ನೊಯ್‌ಶ್ವಾನ್‌ಸ್ಟೈನ್‌ಗೆ ಖಾಸಗಿ ಗೈಡ್: ಜೊತೆ ಬಾಗಿಲವರೆಗೆ ಮಾತ್ರ

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ನಾನು ಮತ್ತು ಮನೆಯವರು ಅಲ್ಲಿಗೆ ಹೋಗುತ್ತಿದ್ದೇವೆ. ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಸೇರಿ ಐದು ಜನ ಒಂದು ದಿನ ಅರಮನೆ, ಕೋಟೆ ನೋಡಿ ಬರುವ ಆಸೆ. ಒಬ್ಬ ಏಜೆಂಟ್ 780 ಯೂರೊ ಹೇಳಿದ್ದಾರೆ: ನೊಯ್‌ಶ್ವಾನ್‌ಸ್ಟೈನ್, ಹೋಹೆನ್‌ಶ್ವಾಂಗೌ, ಲಿಂಡರ್‌ಹೋಫ್ ಮೂರೂ ಅರಮನೆ ಒಂದೇ ದಿನ, 10 ಗಂಟೆ, ವ್ಯಾನ್, ಅರಮನೆಯೊಳಗೂ ಖಾಸಗಿ ಗೈಡ್, 'ಸ್ಕಿಪ್ ದ ಲೈನ್' (ಸರದಿ ಇಲ್ಲದೆ ಪ್ರವೇಶ). ಪ್ರವೇಶ ಟಿಕೆಟ್ ಬೇರೆ. ಅಲ್ಲಿನ ಭಾರತೀಯರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಬ್ಬರು ತಮ್ಮದೇ ಕಾರಿನಲ್ಲಿ 300 ಯೂರೊಗೆ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಮನೆಯವರಿಗೆ ಕಳೆದ ವರ್ಷ ಎಡ ಮಂಡಿಯ ಬದಲಿ ಶಸ್ತ್ರಚಿಕಿತ್ಸೆ ಆಗಿದೆ. ಸ್ನೇಹಿತರೊಬ್ಬರು 'ನೊಯ್‌ಶ್ವಾನ್‌ಸ್ಟೈನ್ ಡಿಸ್ನಿಯನ್ನು ನೋಡಿ ಕಟ್ಟಿದ ನಕಲಿ ಕೋಟೆ, ಯಾಕೆ ಹೋಗ್ತೀರಿ' ಎಂದರು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನು ಮಾಡಲಿ?

ಉತ್ತರ: ಪ್ರಶ್ನೆಗಳು ಹಲವಿದ್ದರೂ ನಿಮ್ಮ ಚಿಂತೆ ಒಂದೇ ಎಂದು ಕಾಣುತ್ತದೆ. ಅಷ್ಟು ದುಡ್ಡು ಸುರಿದ ಮೇಲೆ ಮನೆಯವರು ಕೆಳಗೆ ಬೆಂಚಿನ ಮೇಲೆ ಕೂತು ಕಾಯುವ ಹಾಗಾದರೆ? ಆ ಭಯಕ್ಕೆ ಕಾರಣವಿದೆ. ಹಾಗೆ ಆಗದಂತೆ ಯೋಜಿಸುವುದೂ ಸಾಧ್ಯ. ಆದರೆ ಏಜೆಂಟರು ಕೊಟ್ಟ ಪಟ್ಟಿಯನ್ನು ಮೊದಲು ಬಿಚ್ಚಿ ನೋಡಬೇಕು.

'ಅರಮನೆಯೊಳಗೂ ಖಾಸಗಿ ಗೈಡ್' ಎಂಬ ಸಾಲನ್ನು ಹೊಡೆದು ಹಾಕಿ. ನೊಯ್‌ಶ್ವಾನ್‌ಸ್ಟೈನ್ ಬವೇರಿಯಾ ರಾಜ್ಯದ ಅರಮನೆಗಳ ಇಲಾಖೆಯ ಕೈಯಲ್ಲಿದೆ. ಒಳಗೆ ಹೋಗುವುದು ಅವರ ನಿಗದಿತ ಸುತ್ತಿನಲ್ಲಿ ಮಾತ್ರ, ವಿವರಿಸುವವರು ಅವರ ಸಿಬ್ಬಂದಿ ಇಲ್ಲವೇ ಅವರ ಆಡಿಯೊ ಯಂತ್ರ. ಸುತ್ತು ಅರ್ಧ ಗಂಟೆಯ ಆಸುಪಾಸು. ಇಂಗ್ಲಿಷ್ ಸುತ್ತುಗಳಿವೆ, ಕನ್ನಡದ್ದಿಲ್ಲ. ಫೋಟೊ ತೆಗೆಯುವಂತಿಲ್ಲ. ನಿಮ್ಮ ಗೈಡ್ ಎಷ್ಟೇ ವಿದ್ವಾಂಸರಾಗಿರಲಿ, ಒಳಗೆ ಬಂದರೂ ನಿಮ್ಮಂತೆಯೇ ಟಿಕೆಟ್ ಕೊಂಡು, ಬಾಯಿ ಮುಚ್ಚಿ ನಡೆಯಬೇಕು. ಲಿಂಡರ್‌ಹೋಫ್‌ನಲ್ಲೂ ಒಳಗಿನ ಸುತ್ತು ಇಲಾಖೆಯದೇ. ಹೋಹೆನ್‌ಶ್ವಾಂಗೌ ಹಳೆಯ ರಾಜಮನೆತನವಾದ ವಿಟ್ಟೆಲ್ಸ್‌ಬಾಖ್‌ನವರ ನಿಧಿಗೆ ಸೇರಿದ್ದು, ಅಲ್ಲಿಯೂ ಇದೇ ಪದ್ಧತಿ. ಹಾಗಾದರೆ ಖಾಸಗಿ ಗೈಡ್‌ಗೆ ಕೊಡುವ ದುಡ್ಡು ಯಾವುದಕ್ಕೆ? ದಾರಿಯುದ್ದದ ಮಾತಿಗೆ, ಹೊರಗಿನ ವಿವರಣೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಗಡಿಯಾರ ಮತ್ತು ಮಂಡಿ ಎರಡನ್ನೂ ನೋಡಿಕೊಳ್ಳುವುದಕ್ಕೆ. ಅದು ಸಣ್ಣ ಕೆಲಸವಲ್ಲ. ಆದರೆ ಅಷ್ಟಕ್ಕೆ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕಿ, ಆಡಂಬರದ ಸಾಲುಗಳಿಗೆ ಕೊಡಬೇಡಿ.

'ಸ್ಕಿಪ್ ದ ಲೈನ್' ಕೂಡ ಅಂಥದ್ದೇ ಸಾಲು. ಟಿಕೆಟ್ ಮೇಲೆ ಪ್ರವೇಶದ ಗಳಿಗೆ ಅಚ್ಚಾಗಿರುತ್ತದೆ. ಅಂಗಳದಲ್ಲಿ ನಿಮ್ಮ ಸಮಯ ಬಂದಾಗ ಗೇಟು ತೆರೆಯುತ್ತದೆ, ಅದಕ್ಕೆ ಮುಂಚೆ ಯಾರಿಗೂ ತೆರೆಯುವುದಿಲ್ಲ. ಹೋಹೆನ್‌ಶ್ವಾಂಗೌ ಹಳ್ಳಿಯ ಟಿಕೆಟ್ ಕೇಂದ್ರದ ಜಾಲತಾಣದಲ್ಲಿ ಮೊದಲೇ ಕೊಂಡವರೆಲ್ಲರಿಗೂ ಕೌಂಟರಿನ ಸರದಿ ತಪ್ಪುತ್ತದೆ, ಅದಕ್ಕೆ ಏಜೆಂಟರ ಕೃಪೆ ಬೇಕಿಲ್ಲ. ದೊಡ್ಡವರಿಗೆ ಸುಮಾರು 20 ಯೂರೊ. 18 ವರ್ಷದೊಳಗಿನವರಿಗೆ ಶುಲ್ಕವಿಲ್ಲ, ಆದರೆ ಮೊಮ್ಮಗಳ ಹೆಸರಿಗೂ ಒಂದು ಸೊನ್ನೆ ಯೂರೊ ಟಿಕೆಟ್ ಸೇರಿಸಲೇಬೇಕು. ಇದನ್ನು ಮರೆತು ಬಂದು ಗೇಟಿನಲ್ಲಿ ಪೇಚಾಡುವವರಿದ್ದಾರೆ. ಸಮಯ ತಪ್ಪಿದರೆ ಟಿಕೆಟ್ ಹೋಯಿತು, ದುಡ್ಡೂ ವಾಪಸ್ಸಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 6,000 ಜನ ಬರುವ ಜಾಗ, ಐದು ನಿಮಿಷ ಕಾಯಿರಿ ಎಂದರೆ ಯಾರೂ ಕಾಯುವುದಿಲ್ಲ.

ಮೂರನೆಯ ತಪ್ಪು ಕಲ್ಪನೆಯನ್ನು ನೀವು ಬರೆದಿಲ್ಲ, ಆದರೆ ವ್ಯಾನ್ ಎಂದೊಡನೆ ಎಲ್ಲರ ಮನಸ್ಸಿನಲ್ಲೂ ಅದಿರುತ್ತದೆ: ಕಾರು ಅರಮನೆ ಬಾಗಿಲಿಗೆ ಹೋಗುತ್ತದೆ ಎಂಬುದು. ಇಲ್ಲ. ಖಾಸಗಿ ವಾಹನ ಕೆಳಗಿನ ಹಳ್ಳಿಯ ಪಾರ್ಕಿಂಗ್‌ನಲ್ಲೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಇರುವ ದಾರಿ ಮೂರು, ಮತ್ತು ನಿಮ್ಮ ಮನೆಯವರ ದಿನ ಹೇಗೆ ಹೋಗುತ್ತದೆ ಎಂಬುದು ಈ ಆಯ್ಕೆಯ ಮೇಲೆಯೇ ನಿಂತಿದೆ.

ಕಾಲ್ನಡಿಗೆ ಎಂದರೆ ಸುಮಾರು ಒಂದೂವರೆ ಕಿಲೋಮೀಟರ್ ಏರು. ಗಟ್ಟಿ ಕಾಲಿನವರಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ದಾರಿ ಅಗಲವಾಗಿದೆ, ಡಾಂಬರಿದೆ, ಆದರೂ ಏರು ಏರೇ. ಮಂಡಿ ಬದಲಿಸಿಕೊಂಡವರಿಗೆ ಬೇಡ.

ಬಸ್ಸು ಸುಲಭ ಎಂದು ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ, ಮತ್ತು ಮಂಡಿಯವರು ಕಷ್ಟಕ್ಕೆ ಸಿಕ್ಕುವುದು ಇಲ್ಲೇ. ಬಸ್ಸು ನಿಲ್ಲುವುದು ಅರಮನೆಯ ಮುಂದಲ್ಲ, ಅದಕ್ಕಿಂತ ಎತ್ತರದಲ್ಲಿ, ಮರಿಯೆನ್‌ಬ್ರ್ಯೂಕೆ ಸೇತುವೆಯ ಹತ್ತಿರ. ಅಲ್ಲಿಂದ ಅರಮನೆಗೆ 10–15 ನಿಮಿಷ ಕಡಿದಾದ ಇಳಿಜಾರು. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ನಿಮ್ಮ ಮನೆಯಲ್ಲಿ ಗೊತ್ತಿರುವ ವಿಷಯ. ಹಿಮ, ಮಂಜುಗಡ್ಡೆ ಇದ್ದರೆ ಬಸ್ಸೇ ಓಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಆ ತೊಂದರೆ ಸಾಮಾನ್ಯವಾಗಿ ಇಲ್ಲ.

ಉಳಿದದ್ದು ಕುದುರೆ ಗಾಡಿ. ಕೆಳಗಿನ ಹಳ್ಳಿಯಿಂದ ಹೊರಟು ಅರಮನೆಗೆ ಸ್ವಲ್ಪ ಕೆಳಗಡೆ ಇಳಿಸುತ್ತದೆ, ಮಿಕ್ಕ ಏರು ನಿಧಾನಕ್ಕೆ ಹತ್ತು ನಿಮಿಷ. ಮನೆಯವರಿಗೆ ಇದೇ ಸರಿ, ಹೋಗುವಾಗಲೂ ಬರುವಾಗಲೂ. ಗಾಡಿಗೆ ಮುಂಗಡ ಕಾದಿರಿಸುವ ವ್ಯವಸ್ಥೆ ಇಲ್ಲ. ಜನ ತುಂಬಿದಂತೆ ಹೊರಡುತ್ತದೆ, ಸಾಲು ಇರುತ್ತದೆ, ಚಿಲ್ಲರೆ ನಗದು ಇಟ್ಟುಕೊಂಡಿರಬೇಕು. ಆದ್ದರಿಂದ ಟಿಕೆಟ್ಟಿನ ಗಳಿಗೆಗೆ ಒಂದೂವರೆ ಗಂಟೆ ಮೊದಲೇ ಗಾಡಿಯ ಸಾಲಿನಲ್ಲಿ ನಿಂತಿರಿ. ನೀವು, ಮಗ, ಸೊಸೆ ಬಸ್ಸಿನಲ್ಲಿ ಹೋಗಿ ಸೇತುವೆ ನೋಡಿಕೊಂಡು ಇಳಿದು ಬರಬಹುದು. ಮನೆಯವರೊಂದಿಗೆ ಗೈಡ್ ಗಾಡಿಯಲ್ಲಿ ಬರಲಿ. ಖಾಸಗಿ ಗೈಡ್ ಇರುವುದರ ನಿಜವಾದ ಉಪಯೋಗ ಇಂಥ ಕಡೆ.

ಇನ್ನು ಒಳಗಿನ ಮೆಟ್ಟಿಲು. ಸುತ್ತಿನಲ್ಲಿ 165 ಮೆಟ್ಟಿಲು ಹತ್ತಬೇಕು, 181 ಇಳಿಯಬೇಕು. ನಮ್ಮ ಅಪಾರ್ಟ್‌ಮೆಂಟ್‌ಗಳ ಲೆಕ್ಕದಲ್ಲಿ ಮಹಡಿಗೆ ಇಪ್ಪತ್ತು ಎಂದುಕೊಂಡರೆ ಎಂಟು ಮಹಡಿ ಏರಿ ಒಂಬತ್ತು ಮಹಡಿ ಇಳಿದಂತೆ. ಬಹುಪಾಲು ಸುರುಳಿ ಮೆಟ್ಟಿಲು, ಹಿಂದೆ ಜನ ಇರುತ್ತಾರೆ. ನಡುನಡುವೆ ಕೋಣೆಗಳಲ್ಲಿ ನಿಲ್ಲಿಸುತ್ತಾರೆ, ಆದರೆ ಕೂರಿಸುವುದಿಲ್ಲ. ಲಿಫ್ಟ್ ಇದೆ. ಆದರೆ ಅದು ಗಾಲಿಕುರ್ಚಿ, ವಾಕರ್ ಬಳಸುವವರಿಗೆ, ತುಂಬ ಕಡಿಮೆ ಜನರಿಗೆ, ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಮಾತ್ರ. ಅಲ್ಲಿಗೆ ಹೋಗಿ ಕೇಳಿದರೆ ಸಿಗುವುದಿಲ್ಲ. ಹೊರಡುವ ಮೊದಲು ದಾವಣಗೆರೆಯಲ್ಲೇ ಪರೀಕ್ಷೆ ಮಾಡಿ: ಗೊತ್ತಿರುವವರ ಕಟ್ಟಡದಲ್ಲಿ ಎಂಟು ಮಹಡಿಯಷ್ಟು ಮೆಟ್ಟಿಲನ್ನು, ಎರಡು ಮಹಡಿಗೊಮ್ಮೆ ಎರಡು ನಿಮಿಷ ನಿಂತು, ಮನೆಯವರು ಹತ್ತಿ ಇಳಿಯಲಿ. ಮಾರನೆಯ ಬೆಳಗ್ಗೆ ಮಂಡಿ ಊದದಿದ್ದರೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೂ ಆಗಬಹುದು ಎಂದರೆ, ಟಿಕೆಟ್ ತೆಗೆಯಿರಿ. ಊದಿದರೆ ಅವರಿಗೆ ಒಳಗಿನ ಟಿಕೆಟ್ ಬೇಡ. ಅರಮನೆಯ ಅಂಗಳದವರೆಗೆ ಟಿಕೆಟ್ ಇಲ್ಲದೆ ಬರಬಹುದು. ಹೊರಗಿನಿಂದ ನೋಡುವ ನೊಯ್‌ಶ್ವಾನ್‌ಸ್ಟೈನ್‌ಗೆ ಹೋಲಿಸಿದರೆ ಒಳಗಿನದು ಕಡಿಮೆಯೇ ಎಂದು ನನ್ನ ಅಭಿಪ್ರಾಯ.

ಮೂರು ಅರಮನೆ ಒಂದೇ ದಿನಕ್ಕೆ ಹಿಡಿಸುತ್ತವೆಯೇ ಎಂದು ನೋಡೋಣ. ಮ್ಯೂನಿಕ್‌ನಿಂದ ಲಿಂಡರ್‌ಹೋಫ್‌ಗೆ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಆಸ್ಟ್ರಿಯಾದ ಪ್ಲಾನ್‌ಸೇ ಸರೋವರದ ದಡ, ರಾಯ್ಟೆ ಊರು ದಾಟಿ ಹೋಹೆನ್‌ಶ್ವಾಂಗೌಗೆ ಒಂದು ಗಂಟೆ. ಅಲ್ಲಿಂದ ಮ್ಯೂನಿಕ್‌ಗೆ ಎರಡು ಗಂಟೆ. ರಸ್ತೆಗೇ ನಾಲ್ಕೂವರೆ ಗಂಟೆ ಹೋಯಿತು, ಅದೂ ದಟ್ಟಣೆ ಇಲ್ಲದಿದ್ದರೆ. ಹತ್ತರಲ್ಲಿ ಉಳಿದದ್ದು ಐದೂವರೆ. ಲಿಂಡರ್‌ಹೋಫ್‌ಗೆ ಅರಮನೆ, ಉದ್ಯಾನ, ಗುಹೆ ಸೇರಿ ಎರಡು ಗಂಟೆ. ನೊಯ್‌ಶ್ವಾನ್‌ಸ್ಟೈನ್‌ಗೆ ಗಾಡಿಯ ಸಾಲು, ಸುತ್ತು, ಇಳಿಯುವುದು ಸೇರಿ ಎರಡೂವರೆಯಿಂದ ಮೂರು. ಊಟ, ಶೌಚಾಲಯ, ಮಗುವಿನ ಹಟ ಇವಕ್ಕೆ ಮಿಕ್ಕದ್ದು ಅರ್ಧದಿಂದ ಒಂದು ಗಂಟೆ. ಹೋಹೆನ್‌ಶ್ವಾಂಗೌಗೆ ಜಾಗವೆಲ್ಲಿ? ಏಜೆಂಟರು ಸುಳ್ಳು ಹೇಳುತ್ತಿಲ್ಲದಿರಬಹುದು. ಅದನ್ನು ಪಾರ್ಕಿಂಗ್‌ನಿಂದ ತೋರಿಸಿ 'ಇದೇ ಮೂರನೆಯದು' ಎನ್ನುವ ರೂಢಿ ಇದೆ. ಹತ್ತು ಗಂಟೆಯನ್ನು ತುಂಬ ಮೀರಿಸೋಣ ಎಂದರೂ ಆಗದು. ನೌಕರಿಯ ಚಾಲಕರು ದಿನಕ್ಕೆ ವಿರಾಮ ಬಿಟ್ಟು 10 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದು ಜರ್ಮನಿಯ ಕಾನೂನು.

ಎರಡೇ ಸಾಕು. ಯಾವ ಎರಡು? ರಸ್ತೆಯಲ್ಲಿ ಕಮ್ಮಿ ಹೊತ್ತು ಕಳೆಯಬೇಕೆಂದರೆ ಹೋಹೆನ್‌ಶ್ವಾಂಗೌ ಮತ್ತು ನೊಯ್‌ಶ್ವಾನ್‌ಸ್ಟೈನ್, ಎರಡೂ ಒಂದೇ ಹಳ್ಳಿಯ ಎರಡು ಗುಡ್ಡದ ಮೇಲಿವೆ. ಮಂಡಿಯ ದೃಷ್ಟಿಯಿಂದ ನಾನು ಹೇಳುವುದು ಬೇರೆ: ಬೆಳಗ್ಗೆ ಲಿಂಡರ್‌ಹೋಫ್, ಮಧ್ಯಾಹ್ನ ನೊಯ್‌ಶ್ವಾನ್‌ಸ್ಟೈನ್. ಒಂದೇ ಊರಿನ ಎರಡು ಗುಡ್ಡ ಹತ್ತುವುದಕ್ಕಿಂತ ನಡುವೆ ಒಂದು ಗಂಟೆ ವ್ಯಾನಿನಲ್ಲಿ ಕಾಲು ಚಾಚಿ ಕೂರುವುದು ವಾಸಿ. ಲಿಂಡರ್‌ಹೋಫ್ ಸಣ್ಣದು, ಆದರೆ ಈ ಎರಡನ್ನೂ ಕಟ್ಟಿಸಿದ ಬವೇರಿಯಾದ ಲುಡ್ವಿಗ್ ರಾಜನ ಮುಖ್ಯ ಅರಮನೆಗಳಲ್ಲಿ ಪೂರ್ತಿ ಮುಗಿದದ್ದು ಅದೊಂದೇ. ಊಟದ ಮೇಜು ಕೆಳಗಿನ ಅಡುಗೆ ಕೋಣೆಗೆ ಇಳಿದು, ಬಡಿಸಿದ ತಟ್ಟೆಗಳೊಂದಿಗೆ ಮೇಲೆ ಬರುವ ಏರ್ಪಾಡು ಅಲ್ಲಿದೆ. ಆಳುಗಳ ಮುಖ ನೋಡದೆ ಉಣ್ಣುವ ಬಯಕೆ ದೊರೆಗೆ. ಗುಡ್ಡದ ಮಗ್ಗುಲಲ್ಲಿ 1876–77ರಲ್ಲಿ ಕಟ್ಟಿಸಿದ ಕೃತಕ ವೀನಸ್ ಗುಹೆ, ಕೊಳ, ಬಣ್ಣ ಬದಲಿಸುವ ವಿದ್ಯುದ್ದೀಪ. ಅದಕ್ಕೆಂದೇ 24 ಡೈನಮೊ ಹಾಕಿಸಿದ್ದರು. ವರ್ಷಗಟ್ಟಲೆ ದುರಸ್ತಿಯಲ್ಲಿದ್ದ ಗುಹೆ 2025ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಿದೆ. ಹಳೆಯ ಪ್ರವಾಸ ಪುಸ್ತಕಗಳಲ್ಲಿ 'ಮುಚ್ಚಿದೆ' ಎಂದೇ ಇರುತ್ತದೆ, ನಂಬಬೇಡಿ.

ಹೊರಡುವುದು ಬೆಳಗ್ಗೆ ಏಳೂವರೆಗೆ. ಒಂಬತ್ತರಿಂದ ಹನ್ನೊಂದು ಲಿಂಡರ್‌ಹೋಫ್. ಹನ್ನೆರಡಕ್ಕೆ ಹೋಹೆನ್‌ಶ್ವಾಂಗೌ, ಊಟ. ಒಂದಕ್ಕೆ ಗಾಡಿಯ ಸಾಲು. ನೊಯ್‌ಶ್ವಾನ್‌ಸ್ಟೈನ್ ಟಿಕೆಟ್ಟನ್ನು ಎರಡೂವರೆಯ ಆಸುಪಾಸಿಗೆ ತೆಗೆಯಿರಿ, ಅದಕ್ಕಿಂತ ಮುಂಚೆ ಬೇಡ. ಟಿಕೆಟ್ ಸಿಕ್ಕ ಮೇಲೆ ಮಿಕ್ಕದ್ದನ್ನು ಅದರ ಸುತ್ತ ಹೊಂದಿಸಬೇಕು. ಮೊದಲು ವ್ಯಾನ್ ಗೊತ್ತು ಮಾಡಿ ಆಮೇಲೆ ಟಿಕೆಟ್ ಹುಡುಕುವವರಿಗೆ ಬೆಳಗ್ಗೆ ಹತ್ತಕ್ಕೋ ಸಂಜೆ ಐದಕ್ಕೋ ಸಿಕ್ಕಿ, ಇಡೀ ದಿನ ತಲೆಕೆಳಗಾಗುತ್ತದೆ. ಪ್ಲಾನ್‌ಸೇ ದಾರಿ ಆಸ್ಟ್ರಿಯಾ ಮೂಲಕ ಹೋಗುವುದರಿಂದ ಎಲ್ಲರ ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೂ ತೊಂದರೆ ಇಲ್ಲ, ಆದರೆ ಜರ್ಮನಿಗೆ ಮರಳುವಾಗ ಪೊಲೀಸರು ತಡೆದು ನೋಡಬಹುದು.

ನಕಲಿ ಕೋಟೆಯ ಮಾತಿಗೆ ಬರುತ್ತೇನೆ. ನಿಮ್ಮ ಸ್ನೇಹಿತರು ಕಾಲವನ್ನು ತಿರುವಿ ಹಾಕಿದ್ದಾರೆ. ನೊಯ್‌ಶ್ವಾನ್‌ಸ್ಟೈನ್‌ಗೆ ಅಡಿಗಲ್ಲು ಬಿದ್ದದ್ದು 1869ರ ಸೆಪ್ಟೆಂಬರ್ 5ರಂದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ, ಅಲ್ಲಿನ ಕೋಟೆಗೆ ಇದೇ ಸ್ಫೂರ್ತಿ. ಆದರೆ ಸ್ನೇಹಿತರ ಅನುಮಾನದಲ್ಲಿ ಅರ್ಧ ಹುರುಳಿದೆ: ಇದು ಮಧ್ಯಯುಗದ ಕೋಟೆಯಲ್ಲ. ಯಾವ ಶತ್ರುವಿಗಾಗಿಯೂ ಕಟ್ಟಿದ್ದಲ್ಲ. ಆ ಜಾಗದಲ್ಲಿದ್ದ ಹಳೆಯ ಕೋಟೆಗಳ ಅವಶೇಷ ತೆಗೆಸಿ, ಕ್ರಿಸ್ಟಿಯಾನ್ ಯಾಂಕ್ ಎಂಬ ರಂಗಸಜ್ಜಿಕೆಯ ಚಿತ್ರಕಾರ ಬರೆದ ಕಲ್ಪನೆಗೆ ಇಟ್ಟಿಗೆಯ ಮೈ ಕೊಟ್ಟು, ಮೇಲೆ ಸುಣ್ಣಕಲ್ಲು ಹೊದಿಸಿದ್ದಾರೆ. ಕಟ್ಟಲು ಹಬೆಯ ಕ್ರೇನ್ ಬಳಸಿದರು. ಒಳಗೆ ಬಿಸಿಗಾಳಿಯ ವ್ಯವಸ್ಥೆ, ಎಲ್ಲ ಮಹಡಿಗೂ ನಲ್ಲಿ ನೀರು, ಆಳನ್ನು ಕರೆಯಲು ವಿದ್ಯುತ್ ಗಂಟೆ. ನಮ್ಮ ಮೈಸೂರು ಅರಮನೆಯನ್ನು ನೆನೆಸಿಕೊಳ್ಳಿ. 1897ರಲ್ಲಿ ಹಳೆಯದು ಸುಟ್ಟ ಮೇಲೆ ಹೆನ್ರಿ ಅರ್ವಿನ್ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದದ್ದು, ಒಳಗೆ ಎರಕದ ಕಬ್ಬಿಣದ ಕಂಬಗಳು. ಅದನ್ನು ನಕಲಿ ಎನ್ನುತ್ತೇವೆಯೇ? ನೊಯ್‌ಶ್ವಾನ್‌ಸ್ಟೈನ್ ಅದಕ್ಕಿಂತ ಒಂದು ತಲೆಮಾರು ಹಿರಿದು, ಅಷ್ಟೇ. 2025ರಲ್ಲಿ ಯುನೆಸ್ಕೊ ಲುಡ್ವಿಗ್‌ನ ನಾಲ್ಕು ಅರಮನೆಗಳನ್ನು ವಿಶ್ವ ಪರಂಪರೆಗೆ ಸೇರಿಸಿದ್ದೂ ಹತ್ತೊಂಬತ್ತನೆಯ ಶತಮಾನದ ಆ ಕನಸಿನ ಸಲುವಾಗಿ.

'ಹುಚ್ಚು ರಾಜ ಖಜಾನೆ ಬರಿದು ಮಾಡಿದ' ಎಂಬುದನ್ನೂ ಗೈಡ್‌ಗಳ ಬಾಯಲ್ಲಿ ಕೇಳುತ್ತೀರಿ. ಲುಡ್ವಿಗ್ ಕಟ್ಟಿಸಿದ್ದು ತನಗೆ ಬರುವ ರಾಜಭತ್ಯೆಯಿಂದ ಮತ್ತು ಸಾಲದಿಂದ, ಸಾಲ 1886ರ ಹೊತ್ತಿಗೆ 14 ಮಿಲಿಯನ್ ಮಾರ್ಕ್. ಆ ವರ್ಷ ಜೂನ್‌ನಲ್ಲಿ ಡಾ. ಗುಡ್ಡೆನ್ ನೇತೃತ್ವದ ವೈದ್ಯರು ಅವನನ್ನು ಖುದ್ದು ಪರೀಕ್ಷಿಸದೆ ಮಾನಸಿಕ ಅಸ್ವಸ್ಥ ಎಂದು ಬರೆದುಕೊಟ್ಟರು. ಜೂನ್ 13ರಂದು ರಾಜ ಮತ್ತು ಗುಡ್ಡೆನ್ ಇಬ್ಬರೂ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಶವವಾದರು. ಹೇಗೆ ಎಂಬುದು ಇಂದಿಗೂ ಬಗೆಹರಿದಿಲ್ಲ. ಗೈಡ್ ಖಚಿತವಾಗಿ 'ಕೊಲೆ' ಎಂದರೆ ಕಥೆಯೆಂದು ಕೇಳಿ. ನೊಯ್‌ಶ್ವಾನ್‌ಸ್ಟೈನ್‌ನಲ್ಲಿ ಅವನು ಉಳಿದದ್ದು ಎಲ್ಲ ಸೇರಿ 172 ದಿನ. ಸತ್ತ ಏಳು ವಾರಕ್ಕೆ, ಆಗಸ್ಟ್ 1ಕ್ಕೆ, ಟಿಕೆಟ್ ಮಾರತೊಡಗಿದರು. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವೇ ಇಲ್ಲದಿರುವುದು ಅದಕ್ಕೇ: ಅಲ್ಲಿಯವರೆಗೆ ಕೆಲಸ ಬರಲಿಲ್ಲ.

ಈಗ ದುಡ್ಡಿನ ಆಯ್ಕೆಗಳು. 300 ಯೂರೊ ಹೇಳಿದವರನ್ನು ಬಿಡಿ. ಅವರು ಒಳ್ಳೆಯವರೇ ಇರಬಹುದು, ಕನ್ನಡದವರೂ ಇರಬಹುದು. ಆದರೆ ಜರ್ಮನಿಯಲ್ಲಿ ಬಾಡಿಗೆ ಪಡೆದು ಜನರನ್ನು ಸಾಗಿಸಲು ವಾಹನಕ್ಕೆ ಪರವಾನಗಿ, ಚಾಲಕರಿಗೆ ಪ್ರಯಾಣಿಕರನ್ನು ಒಯ್ಯುವ ಪ್ರತ್ಯೇಕ ಪತ್ರ ಬೇಕು. ಸ್ವಂತ ಕಾರಿನ ವಿಮೆ ಅದಕ್ಕಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ದುಡ್ಡು ಕೊಟ್ಟಿದ್ದೀರಾ ಎಂದು.

ನಿಮ್ಮ ಮಗನಿಗೆ ಅಲ್ಲಿ ಸಲ್ಲುವ ಚಾಲನಾ ಪರವಾನಗಿ ಇದ್ದರೆ ದೊಡ್ಡ ಬಾಡಿಗೆ ಕಾರು ತೆಗೆದುಕೊಳ್ಳಲಿ. ಖರ್ಚು ಇದರಲ್ಲೇ ತುಂಬ ಇಳಿಯುತ್ತದೆ. ನಷ್ಟವೆಂದರೆ ಹಗಲಿಡೀ ಅವನ ತಲೆಯಲ್ಲಿ ಪಾರ್ಕಿಂಗ್, ಗಡಿಯಾರ, ಅಮ್ಮನ ಮಂಡಿ. ರೈಲೂ ಇದೆ: ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಗುಂಪಿಗೆ ಅಗ್ಗವಾಗುವ ಬಯರ್ನ್ ಟಿಕೆಟ್ ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರವೇ ನಡೆಯುವುದು, ಹಾಗಾಗಿ ತಲುಪುವಾಗ ಮಧ್ಯಾಹ್ನ. ಆಗ ಒಂದೇ ಅರಮನೆ, ಲಿಂಡರ್‌ಹೋಫ್ ಇಲ್ಲ. ದೊಡ್ಡ ಬಸ್ಸಿನ ಗುಂಪು ಪ್ರವಾಸಗಳು ಲಿಂಡರ್‌ಹೋಫ್, ನೊಯ್‌ಶ್ವಾನ್‌ಸ್ಟೈನ್ ಎರಡನ್ನೂ ತೋರಿಸುತ್ತವೆ, ಆದರೆ ಐವತ್ತು ಜನ ನಿಮ್ಮ ಮನೆಯವರ ಗಾಡಿಗಾಗಿ ಕಾಯುವುದಿಲ್ಲ.

ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ವ್ಯಾನ್‌ಗೆ ಅರ್ಥವಿದೆ. ಏಜೆಂಟರಿಗೆ ಹೀಗೆ ಬರೆಯಿರಿ: ಎರಡೇ ಅರಮನೆ. ಒಳಗಿನ ಗೈಡ್ ಬೇಡ. ಟಿಕೆಟ್ ನಾವೇ ತೆಗೆಯುತ್ತೇವೆ. ವ್ಯಾನ್ ಓಡಿಸುವವರೇ ವಿವರಿಸಿದರೂ ಸಾಕು, ಪ್ರತ್ಯೇಕ ಗೈಡ್ ಇಲ್ಲದಿದ್ದರೆ ದರ ಎಷ್ಟು? ಚಾಲಕರೇ ಗೈಡ್ ಆದರೆ ಅವರು ಪಾರ್ಕಿಂಗ್ ಬಿಟ್ಟು ಮೇಲೆ ಬರುತ್ತಾರೆಯೇ? ಇದನ್ನು ಕೇಳದೆ ಬಿಟ್ಟರೆ ಮನೆಯವರೊಂದಿಗೆ ಗಾಡಿಯಲ್ಲಿ ಬರುವವರೇ ಇರುವುದಿಲ್ಲ. ತೆರಿಗೆ, ಪಾರ್ಕಿಂಗ್ ಸೇರಿದೆಯೇ, ಹತ್ತು ಗಂಟೆ ಮೀರಿದರೆ ಗಂಟೆಗೆ ಎಷ್ಟು, ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ವಾಪಸ್ಸು, ಎಲ್ಲ ಬರಹದಲ್ಲಿರಲಿ. ಮಗುವಿನ ಆಸನ ವ್ಯಾನಿನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. 12 ವರ್ಷದೊಳಗಿನ, 150 ಸೆಂಟಿಮೀಟರ್ ಎತ್ತರ ಮುಟ್ಟದ ಮಕ್ಕಳಿಗೆ ಅಲ್ಲಿ ಅದು ಕಡ್ಡಾಯ, ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಜರ್ಮನಿಯಲ್ಲಿ ಗೈಡ್ ಎಂದು ಹೇಳಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ, ಆದ್ದರಿಂದ ಬಿರುದುಗಳನ್ನು ಬಿಟ್ಟು, ಬರುವವರ ಜೊತೆಗೇ ಐದು ನಿಮಿಷ ಫೋನಿನಲ್ಲಿ ಮಾತಾಡಿ. ಅವರ ಇಂಗ್ಲಿಷ್ ನಿಮಗೆ, ನಿಮ್ಮ ಇಂಗ್ಲಿಷ್ ಅವರಿಗೆ ತಿಳಿದರೆ ಸಾಕು.

ಮೆಟ್ಟಿಲ ಪರೀಕ್ಷೆಯಲ್ಲಿ ಮನೆಯವರಿಗೆ ಆಗದಿದ್ದರೆ ಇಡೀ ಯೋಜನೆಯನ್ನೇ ಬದಲಿಸುವುದು ಜಾಣತನ. ಲುಡ್ವಿಗ್‌ನದೇ ಇನ್ನೊಂದು ಅರಮನೆ ಹೆರನ್‌ಕೀಮ್‌ಸೇ, 1878ರಲ್ಲಿ ಶುರುವಾದದ್ದು, ಕೀಮ್‌ಸೇ ಸರೋವರದ ದ್ವೀಪದಲ್ಲಿದೆ. ಮ್ಯೂನಿಕ್‌ನಿಂದ ಪ್ರೀನ್ ಊರಿಗೆ ರೈಲಿನಲ್ಲಿ ಒಂದು ಗಂಟೆ, ದೋಣಿಯಲ್ಲಿ ಕಾಲು ಗಂಟೆ, ದಡದಿಂದ ಅರಮನೆಗೆ ಹೆಚ್ಚು ಏರಿಲ್ಲದ ದಾರಿ, ಅಲ್ಲೂ ಕುದುರೆ ಗಾಡಿ. ಫ್ರಾನ್ಸಿನ ವರ್ಸೈ ಅರಮನೆಯನ್ನು ಮೀರಿಸಲು ಕಟ್ಟಿದ ಕನ್ನಡಿಗಳ ಮೊಗಸಾಲೆ ಅಲ್ಲಿದೆ. ಇದಕ್ಕೆ ವ್ಯಾನೂ ಬೇಡ, ಗೈಡೂ ಬೇಡ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಅಲ್ಲಿ ಸಸ್ಯಾಹಾರ ಎಂದು ಕೊಡುವ ಕೇಸೆಶ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ನೂಡಲ್ಸಿನ ಹಿಟ್ಟಿನಲ್ಲೇ ಮೊಟ್ಟೆ ಇರುತ್ತದೆ, ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳಲ್ಲೂ ಇರುತ್ತದೆ, ಸೂಪು ಸಾಮಾನ್ಯವಾಗಿ ಮಾಂಸದ ರಸದ್ದು, ಬ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ಡುಗಳಲ್ಲಿ ಕೆಲವಕ್ಕೆ ಹಂದಿ ಕೊಬ್ಬು ಹಾಕುತ್ತಾರೆ. ಆಲೂಗಡ್ಡೆ, ಸಲಾಡ್, ಹಣ್ಣು ಸಿಗುತ್ತವೆ. ಚಪಾತಿ, ಪಲ್ಯ, ಚಟ್ನಿಪುಡಿ ಇದ್ದರೆ ಆಲ್ಪ್‌ಸೇ ಸರೋವರದ ದಡದಲ್ಲಿ ಬೆಂಚುಗಳಿವೆ, ಹಳ್ಳಿಯಿಂದ ನಾಲ್ಕು ಹೆಜ್ಜೆ. ದೊಡ್ಡ ಬ್ಯಾಗು ಮತ್ತು ಮಗುವಿನ ತಳ್ಳುಗಾಡಿಯನ್ನು ಅರಮನೆಯೊಳಗೆ ಬಿಡುವುದಿಲ್ಲ, ಉಂಡ ಮೇಲೆ ಎರಡನ್ನೂ ವ್ಯಾನಿನಲ್ಲಿಟ್ಟೇ ಗಾಡಿಯ ಸಾಲಿಗೆ ಹೋಗಿ.